ಆಸ್ಪತ್ರೆಯ ಅನುಭವ ಇಲ್ಲದೆ ನರ್ಸ್ ಆಗುವುದು ಹೇಗೆ: ಕೋಲಾರದ ಕಡೆಯವರಿಗೆ ಹಂತ ಹಂತದ ಮಾರ್ಗದರ್ಶಿ

"ಅಕ್ಕ, ಕೋರ್ಸ್ ಮುಗೀತು. ಸರ್ಟಿಫಿಕೇಟ್ ಕೈಯಲ್ಲಿದೆ. ಆದರೆ ಕೌನ್ಸಿಲ್‌ನಲ್ಲಿ ನನ್ನ ಹೆಸರು ನೋಂದಣಿ ಆಗಲ್ಲ ಅಂತಿದ್ದಾರೆ. ಏನು ಮಾಡ್ಲಿ?"

ಇಂಥ ಫೋನು ನನಗೆ ಪ್ರತಿ ವರ್ಷ ಬರುತ್ತದೆ. ಮುಳಬಾಗಿಲಿನಿಂದ, ಶ್ರೀನಿವಾಸಪುರದಿಂದ, ಬಾಗೇಪಲ್ಲಿಯಿಂದ. ಓದಿದ ಮಕ್ಕಳ ತಪ್ಪು ಇದರಲ್ಲಿ ಕಡಿಮೆ. ಅವರು ಮೊದಲು ಕಾಲೇಜು ಸೇರಿದರು, ಆಮೇಲೆ ಆ ಕೋರ್ಸಿನಿಂದ ಏನಾಗುತ್ತದೆ ಅಂತ ಕೇಳಿದರು. ಕ್ರಮ ತಲೆಕೆಳಗಾಯಿತು ಅಷ್ಟೆ. ಆದರೆ ಹೋದ ವರ್ಷಗಳು ಮತ್ತೆ ಬರುವುದಿಲ್ಲ, ಅಪ್ಪ ಮಾಡಿದ ಸಾಲವೂ ಕರಗುವುದಿಲ್ಲ.

ಅದಕ್ಕೇ ಈ ಬರಹದಲ್ಲಿ ಕೊನೆಯಿಂದ ಶುರು ಮಾಡುತ್ತೇನೆ. ನಿಮ್ಮ ಮನೆಯಲ್ಲಿ ಯಾರೂ ಆಸ್ಪತ್ರೆಯಲ್ಲಿ ಕೆಲಸ ಮಾಡಿಲ್ಲ, ಥರ್ಮಾಮೀಟರ್ ಬಿಟ್ಟರೆ ಬೇರೇನೂ ಮುಟ್ಟಿಲ್ಲ ಅಂದರೂ ಪರವಾಗಿಲ್ಲ. ನಾನೂ ಹಾಗೇ ಬಂದವಳು.

## ಹಂತ 1: ಕೊನೆಗೆ ಬೇಕಾದ ಕಾಗದ ಯಾವುದು ಅಂತ ಮೊದಲು ತಿಳಿಯಿರಿ

ನಿಮ್ಮನ್ನು ನರ್ಸ್ ಮಾಡುವುದು ಕಾಲೇಜಿನ ಸರ್ಟಿಫಿಕೇಟ್ ಅಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿದವರಿಗೆ ಅಲ್ಲಿ 'ಆರ್‌ಎನ್, ಆರ್‌ಎಂ' ಅಂತ ನೋಂದಣಿ ಸಂಖ್ಯೆ ಸಿಗುತ್ತದೆ. ಅಂದರೆ ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಮಿಡ್‌ವೈಫ್ (ಹೆರಿಗೆ ನೋಡಿಕೊಳ್ಳುವವರು). ಸರ್ಕಾರಿ ಕೆಲಸ, ದೊಡ್ಡ ಆಸ್ಪತ್ರೆ, ವಿದೇಶ, ಎಲ್ಲಿ ಹೋದರೂ ಮೊದಲು ಕೇಳುವುದು ಈ ಸಂಖ್ಯೆಯನ್ನೇ.

ಹಾಗಾಗಿ ಯಾರೇ ಬಂದು ಯಾವುದೇ ಕೋರ್ಸ್ ಹೇಳಲಿ, ಒಂದೇ ಪ್ರಶ್ನೆ ಕೇಳಿ: "ಇದು ಮುಗಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತಾ?" ಉತ್ತರ ಸುತ್ತಿ ಬಳಸಿ ಬಂದರೆ ಅಲ್ಲೇ ನಿಲ್ಲಿಸಿ. 6 ತಿಂಗಳ 'ನರ್ಸಿಂಗ್ ಟ್ರೈನಿಂಗ್', 1 ವರ್ಷದ 'ನರ್ಸಿಂಗ್ ಡಿಪ್ಲೊಮಾ' ಅಂತ ಬಸ್ ಸ್ಟ್ಯಾಂಡ್ ಹತ್ತಿರ ಬೋರ್ಡ್ ಹಾಕಿರುತ್ತಾರೆ. ಅವುಗಳಿಂದ ನರ್ಸ್ ಆಗಲು ಸಾಧ್ಯವಿಲ್ಲ. ರೋಗಿಯ ಆರೈಕೆಯ ಸಹಾಯಕರಾಗಬಹುದು. ಅದೂ ಮರ್ಯಾದೆಯ ಕೆಲಸವೇ. ಆದರೆ ನರ್ಸ್ ಅಂತ ಹೇಳಿ ಸೇರಿಸಿಕೊಂಡರೆ ಅದು ಮೋಸ.

## ಹಂತ 2: ಸೇರುವ ಮುಂಚೆ ಒಂದು ವಾರ್ಡ್ ನೋಡಿ ಬನ್ನಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡಿದ್ದರೆ ಮೊದಲ ವರ್ಷವೇ ಬಿಟ್ಟು ಬರುವವರು ಕಡಿಮೆಯಾಗುತ್ತಿದ್ದರು.

ಸಂಬಂಧಿಕರು ಯಾರಾದರೂ ಅಡ್ಮಿಟ್ ಆದಾಗ ಅವರ ಜೊತೆಗೆ ಒಂದು ರಾತ್ರಿ ನೀವೇ ಉಳಿಯಿರಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಆದರೂ ಸರಿ, ನಿಮ್ಮ ತಾಲೂಕು ಆಸ್ಪತ್ರೆ ಆದರೂ ಸರಿ. ಫೋನ್ ನೋಡುತ್ತಾ ಕೂರಬೇಡಿ. ಸಿಸ್ಟರ್ ಏನು ಮಾಡುತ್ತಾರೆ ಅಂತ ಗಮನಿಸಿ. ಎಷ್ಟು ಸಲ ಎದ್ದು ಓಡಾಡುತ್ತಾರೆ, ಡ್ಯೂಟಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಏನು ಹೇಳಿ ಹೋಗುತ್ತಾರೆ, ಸಿಟ್ಟಾದ ರೋಗಿಯ ಮನೆಯವರ ಜೊತೆ ಹೇಗೆ ಮಾತಾಡುತ್ತಾರೆ, ವಾಂತಿ ಆದಾಗ, ರಕ್ತ ಬಂದಾಗ ಏನು ಮಾಡುತ್ತಾರೆ.

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ. ಗುರುತಿಲ್ಲದವರ ಮೈ ಒರೆಸಲು, ಬೆಡ್‌ಪ್ಯಾನ್ ಇಡಲು ಆಗುತ್ತಾ? ಹಬ್ಬದ ದಿನ ಡ್ಯೂಟಿ ಬಂದರೆ ಮನೆಯವರು ಒಪ್ಪುತ್ತಾರಾ? ರಾತ್ರಿ ಪಾಳಿಯ ವಿಷಯ ಅಪ್ಪ ಅಮ್ಮನ ಹತ್ತಿರ ಈಗಲೇ ಮಾತಾಡಿ. ಎರಡನೇ ವರ್ಷದಲ್ಲಿ ಮಾತಾಡಿದರೆ ಜಗಳ ಆಗುತ್ತದೆ.

ರಕ್ತ ನೋಡಿ ತಲೆ ತಿರುಗಿತಾ? ಅದೊಂದೇ ಕಾರಣಕ್ಕೆ ಆಸೆ ಬಿಡಬೇಡಿ. ಸುಮಾರು ಜನಕ್ಕೆ ಮೊದಲು ಹಾಗೇ ಆಗುತ್ತದೆ, ನೋಡುತ್ತಾ ನೋಡುತ್ತಾ ಸರಿಹೋಗುತ್ತದೆ. ಆದರೆ ರೋಗಿಯ ಮೇಲೆ ಬೇಸರ, ಅಸಹ್ಯ ಬಂದರೆ ಮಾತ್ರ ನಿಧಾನವಾಗಿ ಯೋಚಿಸಿ.

## ಹಂತ 3: ನಿಮ್ಮ ಪಿಯುಸಿಗೆ ಹೊಂದುವ ಕೋರ್ಸ್ ಆರಿಸಿ

ಮೂರು ದಾರಿ ಇವೆ.

ಬಿಎಸ್ಸಿ ನರ್ಸಿಂಗ್. 4 ವರ್ಷ, 8 ಸೆಮಿಸ್ಟರ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಈ ಮೂರೂ ಸೇರಿ ಶೇ. 45 ಅಂಕ ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40. ಇಂಗ್ಲಿಷ್ ಪಾಸಾಗಿರಬೇಕು. ರಾಜ್ಯದಲ್ಲಿ ಹೆಚ್ಚಿನ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ.

ಜಿಎನ್‌ಎಂ. 3 ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು, ಸೈನ್ಸ್ ಇದ್ದರೆ ಒಳ್ಳೆಯದು. ಒಟ್ಟಾರೆ ಶೇ. 40, ಇಂಗ್ಲಿಷ್‌ನಲ್ಲೂ ಶೇ. 40 ಬೇಕು. ವಯಸ್ಸು 17ರಿಂದ 35. ಮದುವೆಯಾದವರೂ ಸೇರಬಹುದು. ಮಗು ಸ್ಕೂಲಿಗೆ ಹೋಗಲು ಶುರುವಾದ ಮೇಲೆ ಬಂದು ಸೇರಿದ ತಾಯಂದಿರನ್ನು ನಾನು ನೋಡಿದ್ದೇನೆ. ಹದಿನೆಂಟರ ಹುಡುಗಿಯರಿಗಿಂತ ಅವರ ಕೈ ಬೇಗ ಪಳಗುತ್ತದೆ.

ಎಎನ್‌ಎಂ (ಆಕ್ಸಿಲರಿ ನರ್ಸ್ ಮಿಡ್‌ವೈಫ್). 2 ವರ್ಷ, ಹೆಣ್ಣುಮಕ್ಕಳಿಗೆ ಮಾತ್ರ. ಹಳ್ಳಿಯ ಉಪಕೇಂದ್ರಗಳ ಕೆಲಸಕ್ಕೆ, ಅಂದರೆ ಲಸಿಕೆ, ಗರ್ಭಿಣಿಯರ ತಪಾಸಣೆ ಇಂಥದ್ದಕ್ಕೆ ತಯಾರಿ. ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗುವ ಆಸೆ ಇದ್ದರೆ ಜಿಎನ್‌ಎಂ ಅಥವಾ ಬಿಎಸ್ಸಿಯನ್ನೇ ನೋಡಿ.

ಸೈನ್ಸ್ ಓದಿದ್ದೀರಿ, ಅಂಕ ಇದೆ ಅಂದರೆ ಬಿಎಸ್ಸಿ. ಆರ್ಟ್ಸ್ ಅಥವಾ ಕಾಮರ್ಸ್ ಆದರೆ ಯೋಚಿಸದೆ ಜಿಎನ್‌ಎಂ. ಜಿಎನ್‌ಎಂ ಮುಗಿಸಿ ನೋಂದಣಿಯಾದ ಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು, ಬಾಗಿಲು ಮುಚ್ಚುವುದಿಲ್ಲ. ಹುಡುಗರಿಗೂ ಬಿಎಸ್ಸಿ, ಜಿಎನ್‌ಎಂ ಎರಡೂ ಇವೆ. ಬರೀ ಎಸ್ಸೆಸ್ಸೆಲ್ಸಿ ಆಗಿರುವವರು ಮೊದಲು ಪಿಯುಸಿ ಮುಗಿಸಿ. ಎನ್‌ಐಓಎಸ್ ಮುಕ್ತ ಶಾಲೆಯಲ್ಲಿ ಹನ್ನೆರಡನೇ ತರಗತಿ ಪಾಸು ಮಾಡಿದರೂ ಜಿಎನ್‌ಎಂಗೆ ನಡೆಯುತ್ತದೆ.

## ಹಂತ 4: ಕಾಗದಪತ್ರ ಜನವರಿಯೊಳಗೆ ಕೂಡಿಸಿ

ಸೀಟು ತಪ್ಪುವುದು ಅಂಕ ಕಡಿಮೆಯಾಗಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದಂತೆ ಕಾಗದಕ್ಕಾಗಿ ತಪ್ಪಿದ್ದೂ ಅಷ್ಟೇ ಇದೆ.

ಬೇಕಾದವು: ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಕರ್ನಾಟಕದಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣ ಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣ ಪತ್ರ, ವೈದ್ಯಕೀಯ ಫಿಟ್ನೆಸ್ ಪತ್ರ.

ಜಾತಿ, ಆದಾಯ ಪತ್ರಗಳು ನಾಡಕಚೇರಿಯಲ್ಲಿ ಆಗುತ್ತವೆ. ಅದರ ಮೇಲೆ 'ಆರ್‌ಡಿ' ಅಂತ ಶುರುವಾಗುವ ಸಂಖ್ಯೆ ಇರುತ್ತದೆ. ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಅರ್ಜಿಯಲ್ಲಿ ಅದನ್ನೇ ಕೇಳುತ್ತಾರೆ. ಪತ್ರದಲ್ಲಿ ನಿಮ್ಮ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇರಬೇಕು. ಒಂದು ಕಡೆ 'ಲಕ್ಷ್ಮಿದೇವಿ', ಇನ್ನೊಂದು ಕಡೆ 'ಲಕ್ಷ್ಮೀದೇವಮ್ಮ' ಇದ್ದರೆ ಪರಿಶೀಲನೆಯ ದಿನ ಅಳಬೇಕಾಗುತ್ತದೆ. ಆದಾಯ ಪತ್ರದ ಅವಧಿ ಮುಗಿದಿದೆಯಾ ಅಂತಲೂ ನೋಡಿ.

ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೆ ಅಷ್ಟೂ ವರ್ಷ ಕನ್ನಡದಲ್ಲಿ ಓದಿರಬೇಕು. ಎರಡು ಪತ್ರಕ್ಕೂ ಮುಖ್ಯಶಿಕ್ಷಕರ ರುಜು ಬೇಕು, ಗ್ರಾಮೀಣ ಪತ್ರಕ್ಕೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ರುಜುವೂ ಬೇಕು. ಮಧ್ಯೆ ಶಾಲೆ ಬದಲಾಯಿಸಿದ್ದರೆ ಪ್ರತಿ ಶಾಲೆಗೂ ಹೋಗಬೇಕು. ಹಾಗಾಗಿ ಈ ಕೆಲಸ ಮೊದಲು ಹಿಡಿಯಿರಿ.

ನಮ್ಮ ಕಡೆಯ ಇನ್ನೊಂದು ತೊಡಕು ಗಡಿ. ಅಜ್ಜಿಯ ಮನೆಯಲ್ಲಿ ಉಳಿದು ಆಂಧ್ರದ ಮದನಪಲ್ಲಿ, ಕುಪ್ಪಂ ಕಡೆ ನಾಲ್ಕೈದು ವರ್ಷ ಓದಿದ ಮಕ್ಕಳು ತುಂಬಾ ಇದ್ದಾರೆ. ಸಿಇಟಿಯಲ್ಲಿ ಸಾಮಾನ್ಯ ನಿಯಮದಂತೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಲೆಕ್ಕ ಹಾಕಿ ನೋಡಿ. ಕಡಿಮೆ ಬಿದ್ದರೆ ಬೇರೆ ಯಾವ ನಿಯಮದಡಿ ಅರ್ಹತೆ ಸಿಗುತ್ತದೆ ಅಂತ ಆ ವರ್ಷದ ಸಿಇಟಿ ಕೈಪಿಡಿಯಲ್ಲಿ ಓದಿಕೊಳ್ಳಿ.

## ಹಂತ 5: ಕಾಲೇಜನ್ನು ನೀವೇ ಹೋಗಿ ಪರೀಕ್ಷಿಸಿ

ಜಾಸ್ತಿ ಜನ ಎಡವುವುದು ಇಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಏಜೆಂಟ್ ಸಾಮಾನ್ಯವಾಗಿ ಗುರುತಿಲ್ಲದವರಾಗಿರುವುದಿಲ್ಲ. ಪಕ್ಕದ ಊರಿನ ಅಣ್ಣ, ಚಿಕ್ಕಪ್ಪನ ಸ್ನೇಹಿತ, ನಿಮಗಿಂತ ಎರಡು ವರ್ಷ ಮುಂಚೆ ಅಲ್ಲೇ ಸೇರಿದ ಹುಡುಗಿ. ಒಬ್ಬರನ್ನು ಸೇರಿಸಿದರೆ ಅವರಿಗೆ ಕಮಿಷನ್ ಸಿಗುತ್ತದೆ. ಆದ್ದರಿಂದ ಹೇಳುವವರ ಮೇಲೆ ನಂಬಿಕೆ ಇದ್ದರೂ ಕಾಲೇಜನ್ನು ಬೇರೆಯಾಗಿಯೇ ಪರೀಕ್ಷಿಸಿ.

ಮೊದಲು ಕಾಗದ. ಬಿಎಸ್ಸಿ ಆದರೆ ವಿಶ್ವವಿದ್ಯಾಲಯದ ಈ ವರ್ಷದ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಜಿಎನ್‌ಎಂ ಆದರೆ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿ ನೋಡಿ. ಎರಡಕ್ಕೂ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಬೇಕು. ಎಷ್ಟು ಸೀಟಿಗೆ ಅನುಮತಿ ಇದೆ ಅನ್ನುವುದನ್ನೂ ಬರೆದುಕೊಳ್ಳಿ. 40 ಸೀಟಿನ ಕಾಲೇಜು 60 ಜನರನ್ನು ಸೇರಿಸಿಕೊಂಡರೆ ಉಳಿದ 20 ಜನರ ಗತಿ ಏನು? ಗೋಡೆಗೆ ಫ್ರೇಮ್ ಹಾಕಿದ ಹಳೇ ಪತ್ರ ನೋಡಿ ಸಮಾಧಾನ ಪಡಬೇಡಿ. ಈ ವರ್ಷದ್ದು ಕೇಳಿ.

ಆಮೇಲೆ ಆಸ್ಪತ್ರೆ. ಇಲ್ಲಿನ ಮಕ್ಕಳು ವಾರ್ಡ್ ಕೆಲಸ ಎಲ್ಲಿ ಕಲಿಯುತ್ತಾರೆ ಅಂತ ಕೇಳಿ, ಆ ಆಸ್ಪತ್ರೆಗೇ ಹೋಗಿ. ನರ್ಸಿಂಗ್ ಶಾಲೆ ತೆರೆಯಲು ಭಾರತೀಯ ನರ್ಸಿಂಗ್ ಕೌನ್ಸಿಲ್ ಕೇಳುವುದು 100 ಹಾಸಿಗೆಯ ಸ್ವಂತ ಆಸ್ಪತ್ರೆ. ಹಾಸಿಗೆ ಇದ್ದರೆ ಸಾಲದು, ಅದರಲ್ಲಿ ರೋಗಿಗಳಿರಬೇಕು. ಬೆಳಗ್ಗೆ 10 ಗಂಟೆಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಯೂನಿಫಾರ್ಮ್ ಹಾಕಿದ ವಿದ್ಯಾರ್ಥಿಗಳು ಸಿಕ್ಕರೆ ನಿಲ್ಲಿಸಿ ಮಾತಾಡಿಸಿ. "ಹೆರಿಗೆ ಎಷ್ಟು ನೋಡಿದ್ದೀರಿ? ಮೇಡಂ ವಾರ್ಡಿಗೆ ಬರ್ತಾರಾ? ಯಾವ ಭಾಷೆಯಲ್ಲಿ ಪಾಠ?" ಅಂತ ಕೇಳಿ. ಎರಡನೇ ವರ್ಷದ ಹುಡುಗಿ ಸುಳ್ಳು ಹೇಳುವುದಿಲ್ಲ.

ಈ ಮಾತುಗಳು ಕಿವಿಗೆ ಬಿದ್ದರೆ ವಾಪಸ್ ಬನ್ನಿ:

- "ಕ್ಲಾಸಿಗೆ ಬರೋದು ಬೇಡ, ಪರೀಕ್ಷೆಗೆ ಬಂದ್ರೆ ಸಾಕು." ನಿಯಮದಂತೆ ಥಿಯರಿಗೆ ಶೇ. 80, ವಾರ್ಡ್ ಪ್ರಾಕ್ಟಿಕಲ್‌ಗೆ ಶೇ. 100 ಹಾಜರಾತಿ ಬೇಕು. ಡ್ಯೂಟಿ ಮಾಡದೆ ಇಂಜೆಕ್ಷನ್ ಕೊಡಲು ಬಂದವರ ಕೈಯಲ್ಲಿ ನಿಮ್ಮ ಅಮ್ಮನನ್ನು ಬಿಡುತ್ತೀರಾ?
- "ಒರಿಜಿನಲ್ ಇವತ್ತೇ ಕೊಡಿ, ಸೀಟು ಬ್ಲಾಕ್ ಮಾಡ್ತೀವಿ."
- "ರಸೀದಿ ಆಮೇಲೆ ಕೊಡ್ತೀವಿ."
- "ಮಾನ್ಯತೆ ಬರ್ತಾ ಇದೆ, ಮುಂದಿನ ತಿಂಗಳು ಆಗುತ್ತೆ."
- "ಗಡಿ ದಾಟಿದರೆ ಅರ್ಧ ಫೀಸು." ಬೇರೆ ರಾಜ್ಯದಲ್ಲಿ ಓದುವುದು ತಪ್ಪಲ್ಲ. ಆದರೆ ಅಲ್ಲಿಯ ಕೌನ್ಸಿಲ್‌ನಲ್ಲಿ ಮೊದಲು ನೋಂದಣಿ ಮಾಡಿಸಿ, ಆಮೇಲೆ ಇಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ಅಲ್ಲಿಯ ಕಾಲೇಜಿಗೇ ಮಾನ್ಯತೆ ಇಲ್ಲದಿದ್ದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಒರಿಜಿನಲ್ ವಿಷಯ ಒತ್ತಿ ಹೇಳಲು ಕಾರಣ ಇದೆ. ನಾನು ಓದಿದ ಕಾಲೇಜಿನವರು ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಇಟ್ಟುಕೊಂಡಿದ್ದರು. ಎರಡನೇ ವರ್ಷ ಟೊಮೆಟೊ ರೇಟು ಬಿದ್ದು ಅಪ್ಪನಿಗೆ ಫೀಸು ಕಟ್ಟಲು ತಡವಾಯಿತು. ಅದೇ ಹೊತ್ತಿಗೆ ವಿದ್ಯಾರ್ಥಿವೇತನಕ್ಕೆ ಒರಿಜಿನಲ್ ತೋರಿಸಬೇಕಿತ್ತು. ಕೊಡಲಿಲ್ಲ. ಫೀಸಿಗೆ ದುಡ್ಡಿಲ್ಲ, ದುಡ್ಡು ತರುವ ಕಾಗದವೂ ಕೈಯಲ್ಲಿಲ್ಲ. ಅಮ್ಮ ಓಲೆ ಅಡವಿಟ್ಟು ಬಿಡಿಸಿಕೊಂಡು ಬಂದರು. ಒರಿಜಿನಲ್ ಪ್ರಮಾಣ ಪತ್ರಗಳನ್ನು ಕಾಲೇಜು ಇಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಪರಿಶೀಲನೆಗೆ ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ವಾಪಸ್ ತನ್ನಿ. ಎಲ್ಲಾದರೂ ಕೊಡಲೇಬೇಕಾಗಿ ಬಂದರೆ ಯಾವ ಯಾವ ಪತ್ರ ಕೊಟ್ಟಿರಿ ಅಂತ ಸೀಲ್ ಹಾಕಿಸಿ ಬರೆಸಿಕೊಳ್ಳಿ.

## ಹಂತ 6: ಸಿಇಟಿ ಬರೆಯಿರಿ, ಆಪ್ಷನ್ ಸರಿಯಾಗಿ ತುಂಬಿ

2023ರಿಂದ ಬಿಎಸ್ಸಿ ನರ್ಸಿಂಗ್ ಸೀಟುಗಳೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಹಂಚಿಕೆಯಾಗುತ್ತಿವೆ. "ನರ್ಸಿಂಗ್‌ಗೆ ಯಾಕೆ ಸಿಇಟಿ" ಅಂತ ಅರ್ಜಿ ಹಾಕದೆ ಕೂತವರು ಸರ್ಕಾರಿ ಕೋಟಾದ ಸೀಟು ಕಳೆದುಕೊಳ್ಳುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಪ್ರತಿ ವಿಷಯಕ್ಕೆ 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ. ಸೈಬರ್ ಸೆಂಟರ್‌ನವರ ಕೈಗೆ ಪಾಸ್‌ವರ್ಡ್ ಕೊಟ್ಟು ಬರಬೇಡಿ. ಪಕ್ಕದಲ್ಲಿ ಕೂತು ನೀವೇ ಕ್ರಮ ಹೇಳಿ. ಎರಡು ಮೂರು ಕಾಲೇಜು ಹಾಕಿ ಸುಮ್ನೆ ಆಗುವುದು ದೊಡ್ಡ ತಪ್ಪು. ಹಂತ 5ರಲ್ಲಿ ಪಾಸಾದ ಎಲ್ಲ ಕಾಲೇಜುಗಳನ್ನೂ ಹಾಕಿ, ಇಷ್ಟವಾದದ್ದು ಮೇಲೆ. ಹೋಗಲು ಮನಸ್ಸಿಲ್ಲದ ಕಾಲೇಜು ಹಾಕಲೇಬೇಡಿ.

ಸೀಟು ಸಿಕ್ಕ ಮೇಲೆ ಸಾಮಾನ್ಯವಾಗಿ ನಾಲ್ಕು ಚಾಯ್ಸ್ ಕೊಡುತ್ತಾರೆ. 1 ಅಂದರೆ ಒಪ್ಪಿದೆ, ಸೇರುತ್ತೇನೆ. 2 ಅಂದರೆ ಇದು ಇರಲಿ, ಇನ್ನೂ ಒಳ್ಳೆಯದು ಸಿಕ್ಕರೆ ಹೋಗುತ್ತೇನೆ. 3 ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. 4 ಅಂದರೆ ಆಚೆ ಹೋಗುತ್ತೇನೆ. 2 ಮತ್ತು 3ರ ನಡುವೆ ಗಲಿಬಿಲಿ ಮಾಡಿಕೊಂಡು ಕೈಗೆ ಬಂದ ಸೀಟು ಬಿಟ್ಟವರಿದ್ದಾರೆ. ಒತ್ತುವ ಮುಂಚೆ ಎರಡು ಸಲ ಓದಿ.

ಜಿಎನ್‌ಎಂಗೆ ಪಿಯುಸಿ ಅಂಕವೇ ಮುಖ್ಯ. ಅದರ ಪ್ರಕಟಣೆ ಬೇರೆ ಬರುತ್ತದೆ, ಅರ್ಜಿ ಬೇರೆ ಹಾಕಬೇಕು.

## ಹಂತ 7: ದುಡ್ಡಿನ ಲೆಕ್ಕ ಪೂರ್ತಿ ವರ್ಷಗಳಿಗೆ ಹಾಕಿ

ಮೊದಲ ವರ್ಷದ ಫೀಸು ಮಾತ್ರ ನೋಡಿ ಸೇರಬೇಡಿ. ಹಾಸ್ಟೆಲ್, ಯೂನಿಫಾರ್ಮ್, ಪುಸ್ತಕ, ಪರೀಕ್ಷಾ ಶುಲ್ಕ, ಆಸ್ಪತ್ರೆಗೆ ಓಡಾಡುವ ಬಸ್ಸು, ಬೇರೆ ಊರಿನಲ್ಲಿ ಪೋಸ್ಟಿಂಗ್ ಬಿದ್ದರೆ ಅದರ ಖರ್ಚು, ಇಷ್ಟನ್ನೂ 3 ಅಥವಾ 4 ವರ್ಷಕ್ಕೆ ಬರೆದು ಕೊಡಿ ಅಂತ ಆಫೀಸಿನಲ್ಲಿ ಕೇಳಿ.

ನಮ್ಮ ಮನೆಗಳಲ್ಲಿ ದುಡ್ಡು ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಡೇರಿ ಬಟವಾಡೆ, ರೇಷ್ಮೆ ಗೂಡು ಮಾರಿದ ದುಡ್ಡು, ಮಾವಿನ ಫಸಲು. ಕಂತು ಯಾವ ತಿಂಗಳು ಕಟ್ಟಬಹುದು ಅಂತ ಸೇರುವಾಗಲೇ ಮಾತಾಡಿ, ಬರೆಸಿಕೊಳ್ಳಿ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಪ್ರತಿ ವರ್ಷ ಅರ್ಜಿ ಹಾಕಬೇಕು, ಒಂದು ಸಲ ಹಾಕಿದರೆ ಸಾಲದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಹಿಂದುಳಿದ ವರ್ಗಗಳ, ಅಲ್ಪಸಂಖ್ಯಾತರ ನಿಗಮಗಳಲ್ಲಿ 'ಅರಿವು' ಶೈಕ್ಷಣಿಕ ಸಾಲ ಇದೆ. ಬಡ್ಡಿ ಸಾಲಕ್ಕೆ ಕೈ ಚಾಚುವ ಮುಂಚೆ ಅಲ್ಲಿ ವಿಚಾರಿಸಿ.

## ಹಂತ 8: ಕ್ಲಾಸ್ ಶುರುವಾಗುವ ಮುಂಚೆ ತಯಾರಾಗಿ

ಸಾಮಾನು ಜಾಸ್ತಿ ಬೇಡ. ಸೆಕೆಂಡ್ ಮುಳ್ಳಿರುವ ವಾಚ್, ಮುಚ್ಚಿದ ಶೂ, ಜೇಬಿನಲ್ಲಿ ಹಿಡಿಯುವ ಸಣ್ಣ ಪುಸ್ತಕ, ನೀಲಿ ಮತ್ತು ಕೆಂಪು ಪೆನ್ನು. ಸ್ಟೆತೊಸ್ಕೋಪ್, ಬಿಪಿ ಆಪರೇಟಸ್ ಕಾಲೇಜು ಹೇಳಿದ ಮೇಲೆ ತಗೊಳ್ಳಿ. ಉಗುರು ಕತ್ತರಿಸಿ, ಬಳೆ, ಉಂಗುರ ತೆಗೆದಿಡುವ ಅಭ್ಯಾಸ ಈಗಲೇ ಮಾಡಿ.

ಹೆಪಟೈಟಿಸ್ ಬಿ ಲಸಿಕೆ ಮರೆಯಬೇಡಿ. ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ವಾರ್ಡಿಗೆ ಹೋಗುವ ಮುಂಚೆ ಶುರು ಮಾಡಿರಬೇಕು.

ಇನ್ನು ಇಂಗ್ಲಿಷ್. ಕನ್ನಡ ಮಾಧ್ಯಮದ ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲಿ ಫೇಲಾಗುವುದು ಅನಾಟಮಿ, ಫಿಸಿಯಾಲಜಿಯಲ್ಲಿ. ಬುದ್ಧಿ ಇಲ್ಲದೆ ಅಲ್ಲ, ಪದ ಗೊತ್ತಿಲ್ಲದೆ. ಅದಕ್ಕೊಂದು ದಾರಿ ಇದೆ. ಪದಗಳನ್ನು ಒಡೆದು ಕಲಿಯಿರಿ. ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ. 'ಹೆಪಟ್' ಅಂದರೆ ಲಿವರ್, ಹಾಗಾಗಿ ಹೆಪಟೈಟಿಸ್. 'ಗ್ಯಾಸ್ಟ್ರ್' ಅಂದರೆ ಜಠರ, ಗ್ಯಾಸ್ಟ್ರೈಟಿಸ್. 'ನೆಫ್ರ್' ಅಂದರೆ ಕಿಡ್ನಿ, ನೆಫ್ರೈಟಿಸ್. 'ಹೈಪರ್' ಅಂದರೆ ಜಾಸ್ತಿ, 'ಹೈಪೊ' ಅಂದರೆ ಕಡಿಮೆ. 'ಟ್ಯಾಕಿ' ವೇಗ, 'ಬ್ರಾಡಿ' ನಿಧಾನ. ಇಂಥ ತುಂಡುಗಳನ್ನು ದಿನಕ್ಕೆ ಐದು ಕಲಿತರೆ ಎರಡು ತಿಂಗಳಲ್ಲಿ ಪುಸ್ತಕ ಓದಲು ಬರುತ್ತದೆ. ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹಾಲು ಕರೆಯುವಾಗ ಓದುತ್ತಿದ್ದೆ.

## ಹಂತ 9: ಮೊದಲ ಆರು ತಿಂಗಳು ವಾರ್ಡಿನಲ್ಲಿ ನಿಲ್ಲುವುದು

ಕಾಲೇಜು ಬಿಡುವವರು ಬಿಡುವುದು ಈ ಹೊತ್ತಿಗೆ. ಕಲಿಯಬೇಕಾದ ಕ್ರಮ ಹೀಗಿರಲಿ.

ಕೈ ತೊಳೆಯುವುದು. ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್‌ನಲ್ಲಾದರೆ 20ರಿಂದ 30 ಸೆಕೆಂಡ್. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಅವರ ಹಾಸಿಗೆ ಸುತ್ತಲಿನದನ್ನು ಮುಟ್ಟಿದ ಮೇಲೂ. ರೇಷ್ಮೆ ಮನೆಯ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಹುಳದ ಮನೆಗೆ ಕೈಕಾಲು ತೊಳೆಯದೆ ಅಮ್ಮ ಬಿಡುತ್ತಿರಲಿಲ್ಲ ಅಲ್ವಾ? ಒಂದು ಹುಳಕ್ಕೆ ಹಾಲುತೊಂಡೆ ರೋಗ ಬಂದರೆ ಇಡೀ ತಟ್ಟೆಗೆ ಹರಡುತ್ತದೆ. ವಾರ್ಡಿನಲ್ಲೂ ಅಷ್ಟೇ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸೋಂಕು ಹೊತ್ತು ಹೋಗುವುದು ಹೆಚ್ಚಾಗಿ ನಮ್ಮ ಕೈ.

ವೈಟಲ್ಸ್, ಅಂದರೆ ನಾಡಿ, ಉಸಿರು, ಬಿಪಿ ಇಂಥವು. ದೊಡ್ಡವರಲ್ಲಿ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20. ಉಸಿರು ಎಣಿಸುವಾಗ ರೋಗಿಗೆ ಹೇಳಬೇಡಿ, ಹೇಳಿದರೆ ಅವರು ಬೇರೆ ಥರ ಉಸಿರಾಡುತ್ತಾರೆ. ನಾಡಿ ಹಿಡಿದ ಕೈ ಬಿಡದೆ ಎದೆ ನೋಡಿ ಎಣಿಸಿ. ಕೇಳಿಸದ ಬಿಪಿಗೆ ಅಂದಾಜಿನಲ್ಲಿ 120/80 ಬರೆಯುವುದು ಹೊಸಬರ ಅತಿ ಕೆಟ್ಟ ತಪ್ಪು. ಕೇಳಿಸಲಿಲ್ಲ ಅಂದರೆ ಕೇಳಿಸಲಿಲ್ಲ ಅಂತಲೇ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ. ಆ ಒಂದು ಸುಳ್ಳು ಅಂಕಿಯ ಮೇಲೆ ಡಾಕ್ಟರು ಔಷಧಿ ಬರೆಯುತ್ತಾರೆ.

ಔಷಧಿ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ (ಬಾಯಿಂದಲಾ, ಇಂಜೆಕ್ಷನ್ನಾ), ಸರಿಯಾದ ಸಮಯ. ಐದನ್ನೂ ಪ್ರತಿ ಸಲ ನೋಡಿ. "ವೆಂಕಟಮ್ಮ ಯಾರು?" ಅಂತ ಕೂಗಿದರೆ ನಮ್ಮ ಕಡೆಯ ವಾರ್ಡಿನಲ್ಲಿ ಮೂವರು ಕೈ ಎತ್ತುತ್ತಾರೆ. "ನಿಮ್ಮ ಹೆಸರೇನಮ್ಮಾ?" ಅಂತ ಅವರ ಬಾಯಿಂದಲೇ ಹೇಳಿಸಿ, ಕೇಸ್ ಶೀಟ್ ಜೊತೆ ಹೋಲಿಸಿ.

ಡ್ರಿಪ್ ಲೆಕ್ಕ. 500 ಎಂಎಲ್ ಅನ್ನು 4 ಗಂಟೆಯಲ್ಲಿ ಕೊಡಬೇಕು, ಸೆಟ್ಟಿನಲ್ಲಿ 1 ಎಂಎಲ್‌ಗೆ 20 ಹನಿ. 500ನ್ನು 20ರಿಂದ ಗುಣಿಸಿದರೆ 10,000. ನಾಲ್ಕು ಗಂಟೆಗೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಸೆಟ್ಟಿನ ಕವರ್ ಮೇಲೆ ಹನಿಯ ಸಂಖ್ಯೆ ಬರೆದಿರುತ್ತದೆ, ಅದನ್ನು ನೋಡದೆ ಲೆಕ್ಕ ಮಾಡಬೇಡಿ.

ಸೂಜಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಚುಚ್ಚಿಕೊಳ್ಳುವುದು ಹೆಚ್ಚಾಗಿ ಆಗಲೇ. ಸೂಜಿ, ಬ್ಲೇಡ್ ಬಿಳಿ ಡಬ್ಬಕ್ಕೆ. ರಕ್ತದ ಹತ್ತಿ, ಡ್ರೆಸ್ಸಿಂಗ್ ಹಳದಿಗೆ. ಡ್ರಿಪ್ ಸೆಟ್, ಗ್ಲೌಸ್ ಕೆಂಪಿಗೆ. ಗಾಜಿನ ಬಾಟಲಿ ನೀಲಿಗೆ. ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ. ತಕ್ಷಣ ಹೇಳಿ. ಎಚ್‌ಐವಿ ತಡೆಯುವ ಔಷಧಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಬೈತಾರೆ ಅಂತ ಮುಚ್ಚಿಟ್ಟು ತಿಂಗಳುಗಟ್ಟಲೆ ಹೆದರಿಕೊಂಡು ಬದುಕಿದ ಹುಡುಗಿಯನ್ನು ನಾನು ಬಲ್ಲೆ. ಬೈದರೆ ಬೈಯಲಿ, ಹೇಳಿಬಿಡಿ.

ನಿಮ್ಮಲ್ಲಿ ಆಗಲೇ ಇರುವ ಒಂದು ಶಕ್ತಿ ಭಾಷೆ. ಕೋಲಾರದ ಕಡೆಯವರಿಗೆ ಕನ್ನಡ, ತೆಲುಗು ಎರಡೂ ಬರುತ್ತವೆ. ಕೆಜಿಎಫ್ ಮಕ್ಕಳಿಗೆ ತಮಿಳೂ ಬರುತ್ತದೆ. ಬೆಂಗಳೂರಿನ ವಾರ್ಡಿನಲ್ಲಿ ಹೆದರಿ ಕೂತ ಅಜ್ಜಿಗೆ ಅವರ ತೆಲುಗಿನಲ್ಲೇ "ಏಮೈಂದವ್ವಾ?" (ಏನಾಯ್ತಜ್ಜಿ?) ಅಂತ ಕೇಳಿದರೆ ಡಾಕ್ಟರಿಗೆ ಹೇಳದ ನೋವನ್ನೂ ಹೇಳುತ್ತಾರೆ. ಹಳ್ಳಿಯ ಮಾತು ಅಂತ ನಾಚಿಕೆ ಪಡಬೇಡಿ.

ಎಚ್ಚರಿಕೆಯ ಗುರುತುಗಳೂ ಇವೆ. ಆರು ತಿಂಗಳಾದರೂ ವಾರ್ಡಿಗೇ ಕಳಿಸಿಲ್ಲ. ಹೇಳಿಕೊಡುವವರಿಲ್ಲದೆ ಇಂಜೆಕ್ಷನ್ ಕೊಡಲು ಹೇಳುತ್ತಾರೆ. ಮಾಡದ ಕೆಲಸಕ್ಕೆ ರೆಕಾರ್ಡ್ ಪುಸ್ತಕದಲ್ಲಿ ರುಜು ಹಾಕಿಸುತ್ತಾರೆ. ಮೂರರಲ್ಲಿ ಒಂದಿದ್ದರೂ ಮನೆಯವರನ್ನು ಕರೆಸಿ ಪ್ರಿನ್ಸಿಪಾಲ್ ಹತ್ತಿರ ಮಾತಾಡಿ. ಇನ್ನೊಂದು ನಿಮ್ಮ ಬಗ್ಗೆಯೇ: ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ರೋಗಿ ತೀರಿಕೊಂಡದ್ದು ಕಣ್ಣ ಮುಂದೆ ಬರುತ್ತಿದೆ ಅಂದರೆ ಒಬ್ಬರ ಹತ್ತಿರವಾದರೂ ಹೇಳಿಕೊಳ್ಳಿ. ಮೊದಲ ಸಾವು ಎಲ್ಲರನ್ನೂ ಅಲ್ಲಾಡಿಸುತ್ತದೆ.

## ಹಂತ 10: ಮುಗಿದ ಕೂಡಲೇ ನೋಂದಣಿ

ಇಂಟರ್ನ್‌ಶಿಪ್ ಮುಗಿದು ಫಲಿತಾಂಶ ಬಂದ ಕೂಡಲೇ ರಾಜ್ಯ ಕೌನ್ಸಿಲ್‌ಗೆ ಅರ್ಜಿ ಹಾಕಿ. ಎಲ್ಲ ವರ್ಷಗಳ ಅಂಕಪಟ್ಟಿ, ಕೋರ್ಸ್ ಮುಗಿಸಿದ ಪತ್ರ ಬೇಕು. "ಕೆಲಸ ಸಿಕ್ಕ ಮೇಲೆ ಮಾಡ್ಸೋಣ" ಅಂತ ಮುಂದೂಡಬೇಡಿ. ಸರ್ಕಾರಿ ನೇಮಕಾತಿಗಳಲ್ಲಿ ಅರ್ಜಿಯ ಕೊನೆಯ ದಿನಕ್ಕೆ ನೋಂದಣಿ ಇರಬೇಕು ಅಂತ ಕೇಳುವುದು ಸಾಮಾನ್ಯ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು, ಆ ತಾರೀಖನ್ನು ಮನೆಯ ಕ್ಯಾಲೆಂಡರ್‌ನಲ್ಲೇ ಬರೆದಿಡಿ.

## ಹಂತ 11: ಮೊದಲ ಕೆಲಸ

ಮನೆ ಹತ್ತಿರದ 15 ಹಾಸಿಗೆಯ ನರ್ಸಿಂಗ್ ಹೋಮ್ ಸುಲಭ ಅನ್ನಿಸುತ್ತದೆ. ಆದರೆ ಮೊದಲ ಎರಡು ವರ್ಷ ದೊಡ್ಡ ಆಸ್ಪತ್ರೆಯಲ್ಲೇ ಮಾಡಿ. ಕಲಿಯುವುದು ಜಾಸ್ತಿ, ಲೆಕ್ಕಕ್ಕೂ ಬರುತ್ತದೆ. ಏಮ್ಸ್ ನರ್ಸ್ ನೇಮಕಾತಿಗೆ ನಡೆಸುವ 'ನಾರ್ಸೆಟ್' ಪರೀಕ್ಷೆಗೆ ಜಿಎನ್‌ಎಂನವರು ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷ ಕೆಲಸ ಮಾಡಿರಬೇಕು. ಸಣ್ಣ ಕಡೆ ಐದು ವರ್ಷ ದುಡಿದರೂ ಅಲ್ಲಿ ಅದು ಶೂನ್ಯ.

ಮೊದಲು ಜನರಲ್ ವಾರ್ಡ್ ಕೇಳಿ. ಐಸಿಯು, ಓಟಿ (ಆಪರೇಷನ್ ಥಿಯೇಟರ್) ಆಮೇಲೆ. ನೇಮಕಾತಿ ಪತ್ರ ಕೈಗೆ ಬರದೆ ಡ್ಯೂಟಿ ಶುರು ಮಾಡಬೇಡಿ. ಬಾಂಡ್ ಇದ್ದರೆ ಎಷ್ಟು ತಿಂಗಳು, ಮುಂಚೆ ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಓದಿ. ಇಲ್ಲೂ ಒರಿಜಿನಲ್ ಕೊಡಬೇಡಿ. ಬಿಡುವಾಗ ಅನುಭವ ಪತ್ರ ಪಡೆಯಿರಿ. ಸೇರಿದ ದಿನ, ಬಿಟ್ಟ ದಿನ, ಯಾವ ವಿಭಾಗ, ಎಷ್ಟು ಹಾಸಿಗೆಯ ಆಸ್ಪತ್ರೆ ಅಂತ ಅದರಲ್ಲಿ ಇರಲೇಬೇಕು. ವರ್ಷಗಳಾದ ಮೇಲೆ ಹೋಗಿ ಕೇಳಿದರೆ ಅಲ್ಲಿ ನಿಮ್ಮನ್ನು ಬಲ್ಲವರು ಯಾರೂ ಇರುವುದಿಲ್ಲ.

ಮೊದಲ ರಾತ್ರಿ ಪಾಳಿಗೆ ಅರ್ಧ ಗಂಟೆ ಮುಂಚೆ ಹೋಗಿ. ಹ್ಯಾಂಡೋವರ್ ತಗೊಳ್ಳುವಾಗ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳಬೇಡಿ, ಒಂದೊಂದು ಹಾಸಿಗೆಯ ಹತ್ತಿರವೂ ಹೋಗಿ. ಕ್ಯಾನುಲಾ (ಡ್ರಿಪ್‌ಗೆ ನರಕ್ಕೆ ಹಾಕಿದ ಸಣ್ಣ ಕೊಳವೆ) ಇರುವ ಜಾಗ ಊದಿಕೊಂಡಿದೆಯಾ, ಡ್ರಿಪ್ ಎಷ್ಟು ಉಳಿದಿದೆ, ಮೂತ್ರ ಎಷ್ಟು ಆಗಿದೆ ಅಂತ ನಿಮ್ಮ ಕಣ್ಣಿನಿಂದ ನೋಡಿ ಬರೆದುಕೊಳ್ಳಿ. ಆಕ್ಸಿಜನ್ ಸಿಲಿಂಡರ್‌ನಲ್ಲಿ ಎಷ್ಟಿದೆ, ಎಮರ್ಜೆನ್ಸಿ ಟ್ರಾಲಿಯ ಬೀಗದ ಕೈ ಎಲ್ಲಿದೆ, ಡ್ಯೂಟಿ ಡಾಕ್ಟರ ನಂಬರ್ ಯಾವುದು ಅಂತ ಕೇಳಿಕೊಳ್ಳಿ. ಹಿಂದಿನ ಪಾಳಿಯ ಸಿಸ್ಟರ್ ಬಸ್ಸಿಗೆ ಹೊರಡುವ ಮುಂಚೆಯೇ ಇದಿಷ್ಟೂ ಮುಗಿದಿರಲಿ.